ತೆಳು ಜಾಬ್ ಮಿಲ್ಲಿಂಗ್: ಹಿಡಿತದ ದೋಷ ಪತ್ತೆ ಮತ್ತು ನಿವಾರಣೆ

ಮಿಲ್ಲಿಂಗ್ ಮೆಷಿನ್ನಿನಲ್ಲಿ ದಪ್ಪ ಜಾಬ್ (ಕತ್ತರಿಸಬೇಕಾದ ಲೋಹದ ತುಂಡು) ತಿರುಗುವ ಕಟರ್ ಅಡಿಯಲ್ಲಿ ಅಲುಗಿದರೆ ವೈಸ್ (ಎರಡು ದವಡೆಗಳ ನಡುವೆ ಜಾಬನ್ನು ಬಿಗಿಹಿಡಿಯುವ ಸಾಧನ) ಹಿಡಿಕೆಯನ್ನು ಇನ್ನಷ್ಟು ಬಿಗಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸುಮಾರು 6 ಮಿ.ಮೀ.ಗಿಂತ ತೆಳುವಾದ ಪ್ಲೇಟಿಗೆ ಅದೇ ಕ್ರಮ ಹಿಡಿದರೆ ದೋಷ ಇನ್ನೂ ಹೆಚ್ಚುತ್ತದೆ. ತೆಳು ಜಾಬ್ ಕೆಡುವುದು ಹಿಡಿತ ಸಾಲದೆ ಎನ್ನುವುದಕ್ಕಿಂತ ಹಿಡಿತವೇ ಅದನ್ನು ಬಗ್ಗಿಸಿ ಎಂದು ಮೊದಲು ಅನುಮಾನಿಸಬೇಕು. ಬಗ್ಗಿ ಕೂತ ಪ್ಲೇಟನ್ನು ಕಟರ್ ನೇರವಾಗಿ ಸವರಿಕೊಂಡು ಹೋಗುತ್ತದೆ. ಕ್ಲ್ಯಾಂಪ್ ಬಿಚ್ಚಿದಾಗ ಪ್ಲೇಟ್ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ, ನೇರವಾಗಿ ಕತ್ತರಿಸಿದ ಮೇಲ್ಮೈ ಸೊಟ್ಟಗಾಗುತ್ತದೆ.

ಬಾಗದೆ ನಿಲ್ಲುವ ಬಿಗುವು ದಪ್ಪದ ಘನದ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಉದ್ದ, ಅಗಲ, ಆಧಾರ ಎಲ್ಲ ಹಾಗೇ ಇದ್ದು ದಪ್ಪ ಮಾತ್ರ 6ರಿಂದ 3 ಮಿ.ಮೀ.ಗೆ ಇಳಿದರೆ ಅದೇ ಬಲಕ್ಕೆ ಪ್ಲೇಟ್ 8 ಪಟ್ಟು ಬಾಗುತ್ತದೆ; 1.5 ಮಿ.ಮೀ.ಗೆ ಇಳಿದರೆ 64 ಪಟ್ಟು. ಹಾಗಾಗಿ 10 ಮಿ.ಮೀ. ಪ್ಲೇಟಿಗೆ ಒಗ್ಗಿದ ಸೆಟ್ಟಿಂಗ್ 2 ಮಿ.ಮೀ. ಪ್ಲೇಟಿಗೆ ನಡೆಯುತ್ತದೆ ಎಂದು ಊಹಿಸುವಂತಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಅಳತೆ

ಕೆಟ್ಟ ಜಾಬನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಹಾಕಬೇಡಿ. ಕಾರಣದ ಗುರುತು ಅದರಲ್ಲೇ ಇದೆ. ಬರ್ (ಅಂಚಿನಲ್ಲಿ ಎದ್ದ ಚೂಪು ಲೋಹ) ತೆಗೆದು ಒರೆಸಿ, ನಾಲ್ಕು ಮೂಲೆ, ನಾಲ್ಕು ಅಂಚಿನ ನಡು ಮತ್ತು ಮಧ್ಯಭಾಗ, ಹೀಗೆ ಒಂಬತ್ತು ಕಡೆ ದಪ್ಪ ಅಳೆದು ಬರೆದುಕೊಳ್ಳಿ. ಮಾಮೂಲಿ ಮೈಕ್ರೋಮೀಟರ್ ನಡುವಿಗೆ ತಲುಪದಿದ್ದರೆ ಆಳವಾದ ಚೌಕಟ್ಟಿನ ಮೈಕ್ರೋಮೀಟರ್ ಬೇಕು. ಆಮೇಲೆ ಜಾಬನ್ನು ಸರ್ಫೇಸ್ ಪ್ಲೇಟಿನ (ನಿಖರವಾಗಿ ಸಮತಟ್ಟಾದ ಪೀಠದ) ಮೇಲೆ ಸುಮ್ಮನೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಎಲ್ಲಿ ತೂರುತ್ತದೆ ನೋಡಿ. ತಿರುವಿ ಹಾಕಿ ಮತ್ತೊಮ್ಮೆ ನೋಡಿ. ಈ ಎರಡು ಅಳತೆಗಳು ಬೇರೆ ಬೇರೆ ಸಂಗತಿ ಹೇಳುತ್ತವೆ, ಒಂದರಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ನಡುವೆ ತೆಳು, ಅಂಚಿನಲ್ಲಿ ದಪ್ಪ ಇದ್ದರೆ ಕತ್ತರಿಸುವಾಗ ಪ್ಲೇಟ್ ಮೇಲಕ್ಕೆ ಉಬ್ಬಿತ್ತು. ಹೆಚ್ಚಿನ ಸಲ ಇದು ವೈಸ್ ಬಿಗಿತದ ಫಲ.

ನಡುವೆ ದಪ್ಪ, ಅಂಚಿನಲ್ಲಿ ತೆಳು ಇದ್ದರೆ ನಡುವಿನ ಕೆಳಗೆ ಆಧಾರ ಇರಲಿಲ್ಲ. ಕಟರ್ ಒತ್ತಿದಾಗ ಪ್ಲೇಟ್ ಕೆಳಗೆ ತಗ್ಗಿ, ಕಟರ್ ಹೋದ ಮೇಲೆ ಎದ್ದಿದೆ.

ಒಂದು ಅಂಚಿನಿಂದ ಎದುರು ಅಂಚಿಗೆ ದಪ್ಪ ಒಂದೇ ಸಮನೆ ಏರುತ್ತಿದ್ದರೆ ಜಾಬ್ ಓರೆಯಾಗಿ ಕೂತಿತ್ತು. ವೈಸಿನ ಚಲಿಸುವ ಜಾ (ದವಡೆ) ಮೇಲೆದ್ದಿರಬಹುದು, ಅಡಿಯಲ್ಲಿ ಚಿಪ್ (ಕತ್ತರಿಸಿದ ಲೋಹದ ಚೂರು) ಸಿಕ್ಕಿರಬಹುದು.

ದಪ್ಪ ಎಲ್ಲ ಕಡೆ ಒಂದೇ, ಆದರೆ ಸರ್ಫೇಸ್ ಪ್ಲೇಟಿನ ಮೇಲೆ ಬಾಗಿ ಕೂರುತ್ತಿದೆ ಎಂದಾದರೆ ಕಾರಣ ಎರಡರಲ್ಲಿ ಒಂದು. ಒಂದೋ ಕಚ್ಚಾ ಪ್ಲೇಟ್ ಮೊದಲೇ ಬಾಗಿತ್ತು, ಮ್ಯಾಗ್ನೆಟ್ ಅಥವಾ ಕ್ಲ್ಯಾಂಪ್ ಅದನ್ನು ಎಳೆದು ಚಪ್ಪಟೆ ಮಾಡಿತ್ತು. ಇಲ್ಲವೇ ಲೋಹದೊಳಗಿನ ಒತ್ತಡ ಬಿಡುಗಡೆಯಾಗಿದೆ. ಕತ್ತರಿಸುವ ಮೊದಲೇ ಫೀಲರ್ ಗೇಜ್ ಹಾಕಿ ನೋಡಿದ್ದರೆ ಎರಡರಲ್ಲಿ ಯಾವುದು ಎಂಬುದು ಗೊತ್ತಿರುತ್ತದೆ. ನೋಡಿರದಿದ್ದರೆ ಮುಂದಿನ ಪ್ಲೇಟಿಗೆ ಅದನ್ನು ಮೊದಲು ಮಾಡಿ.

ವೈಸಿನಲ್ಲಿ ಉಬ್ಬುವ ಪ್ಲೇಟ್

ಪೋಸ್ಟ್‌ಕಾರ್ಡನ್ನು ಎರಡು ಅಂಚಿನಿಂದ ಬೆರಳಲ್ಲಿ ಒತ್ತಿದರೆ ನಡು ಏಳುವ ಹಾಗೆಯೇ ಪ್ಲೇಟ್ ಏಳುತ್ತದೆ. ಏಳುವ ಪ್ರಮಾಣ ಮಾತ್ರ ಯಾರ ಅಂದಾಜಿಗೂ ಮೀರಿದ್ದು. 100 ಮಿ.ಮೀ. ಅಗಲದ ಹಾಳೆ ತಾನು ಸ್ವಲ್ಪವೂ ಕುಗ್ಗದೆ ಬರೀ ಬಾಗಿತು ಎಂದುಕೊಳ್ಳಿ: ಎರಡು ಅಂಚು ಬರೀ 0.02 ಮಿ.ಮೀ. ಹತ್ತಿರ ಬಂದರೆ ನಡು 0.8 ಮಿ.ಮೀ.ಗಿಂತ ಹೆಚ್ಚು ಏಳುತ್ತದೆ. ನಿಜವಾದ ಲೋಹ ಅಷ್ಟಿಷ್ಟು ಕುಗ್ಗಿ ಇದನ್ನು ತಗ್ಗಿಸುತ್ತದೆ, ಆದರೂ ಹಿಡಿಕೆಯ ಒಂದು ಸಣ್ಣ ಎಳೆತ ದೊಡ್ಡ ಉಬ್ಬಾಗುವುದು ಹೇಗೆ ಎಂಬುದು ಇದರಿಂದ ತಿಳಿಯುತ್ತದೆ.

ಪತ್ತೆ ಮಾಡುವುದು ಸುಲಭ. ಡಯಲ್ ಇಂಡಿಕೇಟರನ್ನು (ಸೂಕ್ಷ್ಮ ಚಲನೆ ತೋರಿಸುವ ಮುಳ್ಳಿನ ಮಾಪಕ) ಕಟರ್ ತಿರುಗಿಸುವ ಸ್ಪಿಂಡಲ್ ಹೆಡ್‌ಗೆ ಕಟ್ಟಿ, ಅದರ ತುದಿಯನ್ನು ಪ್ಲೇಟಿನ ನಡುವಿಗೆ ತಾಗಿಸಿ ಸೊನ್ನೆಗೆ ಇಡಿ. ವೈಸನ್ನು ನಿಧಾನವಾಗಿ ಬಿಗಿ ಮಾಡುತ್ತ ಡಯಲ್ ನೋಡುತ್ತಿರಿ. ಮೊದಲು ಸ್ವಲ್ಪ ಸರಿದು ನಿಂತರೆ ಅದು ಜಾಬ್ ಕೂತದ್ದು. ಆಮೇಲೂ ಮುಳ್ಳು ಒಂದೇ ದಿಕ್ಕಿಗೆ ಏರುತ್ತ ಹೋದರೆ ಪ್ಲೇಟ್ ಉಬ್ಬುತ್ತಿದೆ. ನಿಮ್ಮ ಜಾಬಿನ ಟಾಲರೆನ್ಸಿನ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸದ) ಕಾಲುಭಾಗದಷ್ಟು ಏರಿದಲ್ಲಿಗೆ ನಿಲ್ಲಿಸಿ, ಹಿಡಿಕೆ ನಿಂತ ಜಾಗಕ್ಕೆ ಗುರುತು ಹಾಕಿ. ಅದಕ್ಕಿಂತ ಹೆಚ್ಚು ಬಿಗಿತ ಆ ಜಾಬಿಗೆ ಕೂಡದು. ಸಾಲಾಗಿ ಹಲವು ಜಾಬ್ ಮಾಡುವುದಿದ್ದರೆ ಕೈ ಅಂದಾಜಿಗಿಂತ ಟಾರ್ಕ್ ರೆಂಚ್ (ಬಿಗಿತ ಅಳೆದು ಕೊಡುವ ಸ್ಪ್ಯಾನರ್) ಒಳ್ಳೆಯದು.

ಆ ಬಿಗಿತಕ್ಕೆ ಜಾಬ್ ನಿಲ್ಲುವುದಿಲ್ಲ ಎನಿಸಿದರೆ ಹಿಡಿಯುವ ಬಗೆಯನ್ನೇ ಬದಲಿಸಬೇಕು. ಎರಡು ಪ್ಯಾರಲಲ್ (ಜಾಬಿನ ಅಡಿಗೆ ಇಡುವ ಸಮ ಎತ್ತರದ ಉಕ್ಕಿನ ಪಟ್ಟಿ) ಮೇಲೆ ತೆಳು ಪ್ಲೇಟ್ ಕೂರಿಸಿದರೆ ನಡುಭಾಗ ಗಾಳಿಯಲ್ಲಿರುತ್ತದೆ. ಪ್ಯಾರಲಲ್ ತೆಗೆದು, ಜಾಬಿನ ಅಗಲಕ್ಕಿಂತ ತುಸು ಕಡಿಮೆ ಅಗಲದ, ಗ್ರೈಂಡ್ ಮಾಡಿದ ಇಡೀ ಬ್ಲಾಕ್ ಒಂದನ್ನು ಅಡಿಗೆ ಕೊಡಿ. ಇದರಿಂದ ಕೆಳಕ್ಕೆ ತಗ್ಗುವುದು ನಿಲ್ಲುತ್ತದೆ, ಮೇಲಕ್ಕೆ ಉಬ್ಬುವುದು ನಿಲ್ಲುವುದಿಲ್ಲ. ಉಬ್ಬುವುದಕ್ಕೆ ಹೋಲ್ಡ್-ಡೌನ್ ಪಟ್ಟಿ ಬೇಕು. ವೈಸಿನ ಜಾಗೆ ತಾಗುವ ಬೆನ್ನನ್ನು ಎರಡು-ಮೂರು ಡಿಗ್ರಿ ಓರೆ ಮಾಡಿದ, ಜಾಬ್ ಕಡೆಗೆ ಚೂಪಾಗುವ ಗಟ್ಟಿ ಉಕ್ಕಿನ ಪಟ್ಟಿ ಇದು. ವೈಸ್ ಬಿಗಿದಾಗ ಪಟ್ಟಿಯ ಮೂತಿ ಕೆಳಮುಖವಾಗಿ ತಿರುಗಿ ಪ್ಲೇಟಿನ ಅಂಚನ್ನು ಅಡಿಗೆ ಒತ್ತುತ್ತದೆ. ಪಟ್ಟಿಯನ್ನು ಎರಡು ಬದಿಗೂ ಹಾಕಬೇಕು. ಮೇಲ್ಮೈ ಪೂರ್ತಿ ಖಾಲಿ ಇರುವುದರಿಂದ ಫೇಸಿಂಗ್‌ಗೆ (ಇಡೀ ಮೇಲ್ಮೈ ಸವರುವುದಕ್ಕೆ) ಇದು ಅನುಕೂಲ.

ಇನ್ನೊಂದು ದಾರಿ ಸಾಫ್ಟ್ ಜಾ (ಬೇಕಾದಂತೆ ಕತ್ತರಿಸಬಹುದಾದ ಮೆದು ದವಡೆ). ಅಲ್ಯೂಮಿನಿಯಂ ಜಾಗಳ ನಡುವೆ ಒಂದು ತುಂಡು ಇಟ್ಟು, ಜಾಬಿಗೆ ಕೊಡುವಷ್ಟೇ ಬಿಗಿತ ಕೊಟ್ಟು, ಅದೇ ಸ್ಥಿತಿಯಲ್ಲಿ 1.5ರಿಂದ 2 ಮಿ.ಮೀ. ಆಳದ ಮೆಟ್ಟಿಲು ಕತ್ತರಿಸಿ. ಸುಮ್ಮನೆ ಬಿಟ್ಟ ಜಾದಲ್ಲಿ ಕತ್ತರಿಸಿದ ಮೆಟ್ಟಿಲು ಬಿಗಿ ಮಾಡಿದಾಗ ಓರೆಯಾಗುತ್ತದೆ, ಆಗ ಸಾಫ್ಟ್ ಜಾ ಮಾಡಿ ಏನೂ ಉಪಯೋಗವಿಲ್ಲ. ಮೆಟ್ಟಿಲಿನ ಒಳಮೂಲೆಯಲ್ಲಿ ಸಣ್ಣ ತೋಡು ಬಿಡುವುದನ್ನು ಮರೆಯಬೇಡಿ. ಜಾಬಿನ ಬರ್ ಅಲ್ಲಿ ಕೂರಲು ಜಾಗ ಬೇಕು.

ಇಲ್ಲೇ ಒಂದು ಮಾತು: ಶಿಯರಿಂಗ್ ಮೆಷಿನ್ನಿನಲ್ಲಿ ಕತ್ತರಿಸಿ ತಂದ ಪ್ಲೇಟಿನ ಅಂಚು ನೆಟ್ಟಗಿರುವುದಿಲ್ಲ, ಒಂದು ಕಡೆ ಉರುಟು, ಇನ್ನೊಂದು ಕಡೆ ಬರ್. ಆ ಅಂಚನ್ನು ನೇರ ವೈಸಿಗೆ ಕೊಟ್ಟರೆ ಯಾವ ಜಾ ಹಾಕಿದರೂ ಪ್ಲೇಟ್ ತಿರುಚುತ್ತದೆ. ನಾಲ್ಕಾರು ಪ್ಲೇಟ್ ಒಟ್ಟಿಗೆ ಜೋಡಿಸಿ ಹಿಡಿದು ಮೊದಲು ಅಂಚುಗಳನ್ನು ಮಿಲ್ ಮಾಡಿಕೊಳ್ಳಿ.

ಚಲಿಸುವ ಜಾ ಏಳುತ್ತಿದೆಯೇ ಎಂದು ನೋಡಲು ಡಯಲನ್ನು ಆ ಜಾದ ನೆತ್ತಿಗೆ ಹಚ್ಚಿ ಬಿಗಿ ಮಾಡಿ. ಎದ್ದರೆ ವೈಸಿನ ಹಳಿ ಬಿಚ್ಚಿ ಸ್ವಚ್ಛ ಮಾಡಿ, ಅಡಿಯ ಹಿಡಿತದ ಪಟ್ಟಿಯ ಸಡಿಲ ತೆಗೆಯಿರಿ. ಬಿಗಿಯಾದ ಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಜಾಬನ್ನು ತಟ್ಟಿ ಕೂರಿಸುವ ರೂಢಿ ದಪ್ಪ ಜಾಬಿಗೆ ಸರಿ. ತೆಳು ಪ್ಲೇಟನ್ನು ತಟ್ಟಿದರೆ ತಟ್ಟಿದ ಜಾಗ ಮಾತ್ರ ತಗ್ಗಿ ಮತ್ತೆ ಏಳುತ್ತದೆ.

ಸ್ಟ್ರಾಪ್ ಕ್ಲ್ಯಾಂಪ್ ಹಾಕಿದಾಗ

ಸ್ಟ್ರಾಪ್ ಕ್ಲ್ಯಾಂಪ್ (ಬೋಲ್ಟಿನಿಂದ ಒತ್ತುವ ಪಟ್ಟಿ) ಹಾಕಿ ಜಾಬನ್ನು ಟೇಬಲ್ ಮೇಲೆ ನೇರ ಹಿಡಿಯುವಾಗಲೂ ಡಯಲ್ ಪರೀಕ್ಷೆಯೇ ಗತಿ. ಕ್ಲ್ಯಾಂಪ್ ಪಕ್ಕದಲ್ಲೇ ಡಯಲ್ ತುದಿ ಇಟ್ಟು ನಟ್ ಬಿಗಿಯಿರಿ. 0.01 ಮಿ.ಮೀ.ಗಿಂತ ಹೆಚ್ಚು ತಗ್ಗಿದರೆ ಆ ಜಾಗದ ಕೆಳಗೆ ಸಂದಿ ಇದೆ ಎಂದೇ ಅರ್ಥ. ಕ್ಲ್ಯಾಂಪ್ ಒತ್ತಿ ಸಂದಿ ಮುಚ್ಚಬೇಡಿ, ಷಿಮ್ (ತೆಳು ಲೋಹದ ಹಾಳೆ) ತೂರಿಸಿ ತುಂಬಿ. ಬೋಲ್ಟ್ ಜಾಬಿಗೆ ಹತ್ತಿರ ಇರಲಿ, ಕ್ಲ್ಯಾಂಪಿನ ಹಿಂತುದಿಯ ಅಡಿಗೆ ಕೊಡುವ ಬ್ಲಾಕ್ ಜಾಬಿಗಿಂತ ಕೂದಲೆಳೆಯಷ್ಟು ಎತ್ತರ ಇರಲಿ. ಬ್ಲಾಕ್ ತಗ್ಗಾದರೆ ಕ್ಲ್ಯಾಂಪ್ ಪ್ಲೇಟಿನ ಅಂಚನ್ನು ಮಾತ್ರ ಕಚ್ಚಿ ನಡುವನ್ನು ಎಬ್ಬಿಸುತ್ತದೆ. ಕ್ಲ್ಯಾಂಪ್ ಜಾಗ ಬದಲಿಸಿ ಕತ್ತರಿಸುವುದಿದ್ದರೆ ಹೊಸ ಕ್ಲ್ಯಾಂಪ್ ಬಿಗಿದ ಮೇಲಷ್ಟೇ ಹಳೆಯದನ್ನು ತೆಗೆಯಿರಿ.

ಬಿಚ್ಚಿದ ಮೇಲೆ ಬಾಗುವುದು

ಕಚ್ಚಾ ಪ್ಲೇಟ್ ಚಪ್ಪಟೆ ಇತ್ತು, ಡಯಲ್ ಅಲುಗಲಿಲ್ಲ, ದಪ್ಪವೂ ಸಮ, ಆದರೂ ಬಿಚ್ಚಿದ ಕೂಡಲೇ ಬಾಗಿತು. ಇಲ್ಲಿ ಹಿಡಿತದ ತಪ್ಪು ಕಡಿಮೆ. ರೋಲಿಂಗ್, ಹೀಟ್ ಟ್ರೀಟ್‌ಮೆಂಟ್ ಆದ ಪ್ಲೇಟಿನ ಹೊರಪದರ ಮತ್ತು ಒಳಭಾಗ ಒಂದನ್ನೊಂದು ಎಳೆದು ಹಿಡಿದು ಸಮತೋಲದಲ್ಲಿರುತ್ತವೆ. ಒಂದು ಕಡೆಯ ಪದರ ಕಿತ್ತರೆ ಸಮತೋಲ ತಪ್ಪಿ ಪ್ಲೇಟ್ ಬಾಗುತ್ತದೆ. ಯಾವ ಕ್ಲ್ಯಾಂಪಿಗೂ ಇದನ್ನು ತಡೆಯಲಾಗದು. ಬಿಚ್ಚುವ ತನಕ ಮುಂದೂಡಬಹುದು, ಅಷ್ಟೇ.

ಕೋಲ್ಡ್ ರೋಲ್ಡ್ ಉಕ್ಕಿನಲ್ಲಿ ಈ ಕಾಟ ಜಾಸ್ತಿ. ಅಲ್ಯೂಮಿನಿಯಂನಲ್ಲಿ 6061 ಎಂಬ ಮಿಶ್ರಲೋಹ ಬೇಕಿದ್ದರೆ ಟಿ651 ಸ್ಥಿತಿಯ ಪ್ಲೇಟ್ ಕೇಳಿ ತನ್ನಿ. ಕೊನೆಯ 51 ಎಂದರೆ ಪ್ಲೇಟನ್ನು ಎಳೆದು ಹಿಗ್ಗಿಸಿ ಒಳಒತ್ತಡ ತೆಗೆದಿದ್ದಾರೆ ಎಂದು. ಬಲ ಹೆಚ್ಚು ಬೇಡದ ಕಡೆ ಎರಕದ ಟೂಲಿಂಗ್ ಪ್ಲೇಟ್ ಇನ್ನೂ ನಿಶ್ಚಿಂತೆ.

ಕತ್ತರಿಸುವ ಕ್ರಮ ಮುಖ್ಯ. 8 ಮಿ.ಮೀ. ಪ್ಲೇಟಿನಿಂದ 5 ಮಿ.ಮೀ. ಜಾಬ್ ಬೇಕು ಎನ್ನೋಣ.

1. ಒಂದು ಕಡೆ 1.2 ಮಿ.ಮೀ. ತೆಗೆಯಿರಿ. ತಿರುವಿ ಇನ್ನೊಂದು ಕಡೆಯೂ 1.2 ಮಿ.ಮೀ. ತೆಗೆಯಿರಿ. ಉಳಿದದ್ದು 5.6.
2. ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಬಾಗುವುದಿದ್ದರೆ ಈಗಲೇ ಬಾಗಲಿ. ಜಾಬ್ ಕೋಣೆಯ ಉಷ್ಣತೆಗೆ ಬರುವವರೆಗಾದರೂ ಕಾಯಬೇಕು. ರಾತ್ರಿಯಿಡೀ ಬಿಡಲು ಸಮಯವಿದ್ದರೆ ಒಳ್ಳೆಯದು.
3. ಬಾಗಿದ ಜಾಬನ್ನು ಒತ್ತಿ ಚಪ್ಪಟೆ ಮಾಡದೆ, ಅಡಿಯ ಸಂದಿಗೆ ಷಿಮ್ ತುಂಬಿ, ಹಗುರವಾಗಿ ಹಿಡಿದು 0.3 ಮಿ.ಮೀ. ಫಿನಿಶ್ ಮಾಡಿ. ಈಗ ಒಂದು ಮೇಲ್ಮೈ ನಿಜವಾಗಿ ಸಮತಟ್ಟು.
4. ಆ ಮೇಲ್ಮೈಯನ್ನು ಕೆಳಗಿಟ್ಟು ಉಳಿದ 0.3 ಮಿ.ಮೀ. ತೆಗೆಯಿರಿ.

ಮೂರನೆಯ ಹೆಜ್ಜೆಯಲ್ಲಿ ಅವಸರ ಮಾಡಿದರೆ ಮೊದಲೆರಡರ ಶ್ರಮ ವ್ಯರ್ಥ. ಬಿಗಿದು ಚಪ್ಪಟೆ ಮಾಡಿದ ಬಾಗು ಅಲ್ಲೇ ಅಡಗಿರುತ್ತದೆ.

ಮೊಂಡು ಕಟರ್ ಕೂಡ ಪ್ಲೇಟನ್ನು ಬಗ್ಗಿಸುತ್ತದೆ. ಕತ್ತರಿಸುವ ಬದಲು ಉಜ್ಜುತ್ತ ಹೋದರೆ ಮೇಲ್ಪದರ ಬಿಸಿಯಾಗುತ್ತದೆ, ಹಿಸುಕಿದಂತಾಗುತ್ತದೆ. 3 ಮಿ.ಮೀ.ಗಿಂತ ತೆಳುವಾದಲ್ಲಿ ಇದು ಅಳತೆಗೆ ಸಿಗುವಷ್ಟಿರುತ್ತದೆ. ಬಿಸಿಯ ಲೆಕ್ಕವೂ ಸಣ್ಣದಲ್ಲ: 200 ಮಿ.ಮೀ. ಉದ್ದದ ಅಲ್ಯೂಮಿನಿಯಂ 15 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಎರಡು ತುದಿ ಜಾಗಳ ನಡುವೆ ಸಿಕ್ಕಿದ್ದರೆ ಆ ಹಿಗ್ಗಿಗೆ ಹೋಗಲು ಮೇಲಿನ ದಿಕ್ಕು ಒಂದೇ ದಾರಿ. ಆರಂಭದಲ್ಲಿ ಚೆನ್ನಾಗಿದ್ದ ಜಾಬ್ ನಾಲ್ಕನೇ ಪಾಸ್ (ಕಟರಿನ ಒಂದು ಓಟ) ಹೊತ್ತಿಗೆ ನಡುವೆ ತೆಳುವಾಗುತ್ತ ಬಂದರೆ ಬಿಸಿಯನ್ನು ಅನುಮಾನಿಸಿ.

ಮ್ಯಾಗ್ನೆಟಿಕ್ ಚಕ್

ಇದು ಉಕ್ಕಿನಂಥ, ಕಾಂತಕ್ಕೆ ಅಂಟುವ ಲೋಹಕ್ಕೆ ಮಾತ್ರ. ಅಲ್ಯೂಮಿನಿಯಂ, ಹಿತ್ತಾಳೆ, 304ರಂಥ ಸ್ಟೇನ್‌ಲೆಸ್ ಹಿಡಿಯುವುದಿಲ್ಲ. ತೆಳು ಪ್ಲೇಟ್ ಮೂಲಕ ಹೆಚ್ಚು ಕಾಂತಕ್ಷೇತ್ರ ಹಾಯಲಾರದು, ಆದ್ದರಿಂದ ದಪ್ಪ ಪೋಲ್‌ಗಳ (ಕಾಂತಧ್ರುವಗಳ) ಚಕ್ ತೆಳು ಪ್ಲೇಟನ್ನು ಬಲವಾಗಿ ಹಿಡಿಯದು. ಪೋಲ್‌ಗಳು ಒತ್ತೊತ್ತಾಗಿರುವ ಚಕ್ ಬೇಕು. ಕಟರ್ ತಳ್ಳುವ ದಿಕ್ಕಿಗೆ ಜಾಬಿಗಿಂತ ತಗ್ಗಾದ ಸ್ಟಾಪ್ ಪಟ್ಟಿ ಕಡ್ಡಾಯ. ಬಾಗಿದ ಪ್ಲೇಟನ್ನು ಚಕ್ ಚಪ್ಪಟೆ ಮಾಡಿ ಎಳೆದುಕೊಳ್ಳುತ್ತದೆ, ಸ್ವಿಚ್ ಆರಿಸಿದಾಗ ಬಾಗು ವಾಪಸ್. ಮದ್ದು ಮೇಲೆ ಹೇಳಿದ ಷಿಮ್ ಒಂದೇ.

ವ್ಯಾಕ್ಯೂಮ್ ಹಿಡಿತ ಜಾರುವುದು

ವ್ಯಾಕ್ಯೂಮ್ ಟೇಬಲ್ ಮೇಲೆ ಜಾಬ್ ಜಾರಿದಾಗ ಪಂಪನ್ನು ದೂರುವ ಮೊದಲು ಲೆಕ್ಕ ಹಾಕಿ. ವಾಯುಮಂಡಲದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 10 ನ್ಯೂಟನ್. ಎಂಥ ಪಂಪ್ ತಂದರೂ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ; ಕೆಲಸದಲ್ಲಿ 8 ಸಿಕ್ಕರೆ ಚೆನ್ನ. ಸೀಲ್ ಒಳಗಿನ ವಿಸ್ತೀರ್ಣ 100 × 100 ಮಿ.ಮೀ. ಇದ್ದರೆ ಕೆಳಮುಖ ಬಲ 800 ನ್ಯೂಟನ್. ಆದರೆ ಜಾಬ್ ಪಕ್ಕಕ್ಕೆ ಜಾರದಂತೆ ತಡೆಯುವುದು ಘರ್ಷಣೆ. ಅದರ ಗುಣಾಂಕ 0.2 ಎಂದಿಟ್ಟರೆ ಉಳಿಯುವುದು 160 ನ್ಯೂಟನ್ ಮಾತ್ರ. 50 × 50 ಮಿ.ಮೀ. ಜಾಬಿಗೆ ಅದೇ ಲೆಕ್ಕ 40 ನ್ಯೂಟನ್‌ಗೆ ಇಳಿಯುತ್ತದೆ. ಅಲ್ಯೂಮಿನಿಯಂನಲ್ಲಿ 2 ಮಿ.ಮೀ. ಆಳ, ಕಟರಿನ ಪ್ರತಿ ಹಲ್ಲಿಗೆ 0.05 ಮಿ.ಮೀ. ಫೀಡ್ (ಮುನ್ನಡೆ) ಕೊಟ್ಟರೆ ಒಂದು ಹಲ್ಲಿನ ಬಲವೇ 100 ನ್ಯೂಟನ್ ಆಸುಪಾಸು; ಉಕ್ಕಿನಲ್ಲಿ ಎರಡು ಮೂರು ಪಟ್ಟು.

ಆದ್ದರಿಂದ ಪಕ್ಕದ ಬಲವನ್ನು ಘರ್ಷಣೆಯ ಮೇಲೆ ಬಿಡಬೇಡಿ. ಎರಡು ಅಂಚಿಗೆ ಮೂರು ಪಿನ್ ಅಥವಾ ಸ್ಟಾಪ್ ಕೊಟ್ಟು, ಕಟರ್ ತಳ್ಳುವ ದಿಕ್ಕು ಅವುಗಳ ಕಡೆಗಿರುವಂತೆ ಪಾಸ್ ಹೊಂದಿಸಿ. ಗೇಜ್ ಓದು ಕಡಿಮೆ ಇದ್ದರೆ ಸೋರಿಕೆ ಹುಡುಕಿ: ಸೀಲ್ ಹಗ್ಗದ ಜೋಡಣೆ, ಜಾಬಿನ ಅಡಿಯ ಗೀರು, ಆರಪಾರು ರಂಧ್ರ. ರಂಧ್ರ ಇರುವ ಕೆಲಸದಲ್ಲಿ ಅವನ್ನು ಕೊನೆಗೆ ಕೊರೆಯಿರಿ. ಸೀಲ್ ಕೂರುವ ತೋಡಿನ ಆಳ ಸಾಲದಿದ್ದರೆ ಸೀಲೇ ಜಾಬನ್ನು ಎತ್ತಿ ಹಿಡಿದಿರುತ್ತದೆ, ಜಾಬ್ ರಬ್ಬರ್ ಮೇಲೆ ತೇಲುತ್ತಿರುತ್ತದೆ. ಲೋಹ ಲೋಹಕ್ಕೆ ಕೂತಿದೆಯೇ ಎಂದು ಫೀಲರ್ ಹಾಕಿ ನೋಡಿ.

ಟೇಪ್ ಮತ್ತು ಅಂಟು ಬಿಡುವುದು

ಟೇಪ್ ಪಕ್ಕಕ್ಕೆ ಎಳೆದರೆ ತಡೆಯುತ್ತದೆ, ಅಂಚಿನಿಂದ ಸುಲಿದರೆ ಬಿಡುತ್ತದೆ. ಮೂಲೆಯಿಂದ ಎದ್ದ ಜಾಬಿನಲ್ಲಿ ಹೆಚ್ಚಾಗಿ ಕಟರ್ ಮೇಲಕ್ಕೆ ಎಳೆದಿರುತ್ತದೆ. ಮಾಮೂಲಿ ಬಲಸುತ್ತಿನ ಹೆಲಿಕ್ಸ್ (ಸುರುಳಿ ಹಲ್ಲು) ಇರುವ ಎಂಡ್ ಮಿಲ್ ಕಟರ್ ಚಿಪ್ ಜೊತೆ ಜಾಬನ್ನೂ ಮೇಲೆತ್ತುತ್ತದೆ. ಹೆಲಿಕ್ಸ್ ಕೋನ ಹೆಚ್ಚಿದಷ್ಟೂ ಎಳೆತ ಹೆಚ್ಚು. ನೇರ ಹಲ್ಲಿನ ಅಥವಾ ಕಡಿಮೆ ಹೆಲಿಕ್ಸ್ ಕಟರ್ ಹಾಕಿ. ಕೆಳಕ್ಕೆ ಒತ್ತುವ ಡೌನ್-ಕಟ್ ಕಟರ್ ಇನ್ನೂ ಒಳ್ಳೆಯದು, ಆದರೆ ಅದು ಚಿಪ್ಪನ್ನೂ ಕೆಳಕ್ಕೇ ತುಂಬುತ್ತದೆ, ಆಳದ ತೋಡಿನಲ್ಲಿ ಗಾಳಿ ಊದುತ್ತಲೇ ಇರಬೇಕು.

ಅಂಟಿಸುವ ಕ್ರಮದಲ್ಲಿ ಮಾಸ್ಕಿಂಗ್ ಟೇಪ್ ಮತ್ತು ಸೂಪರ್ ಗ್ಲೂ ಜೋಡಿ ನಂಬಿಕಸ್ತ. ಜಾಬ್ ಮತ್ತು ಅಡಿಪ್ಲೇಟ್ ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಒಣಗಿಸಿ. ಎರಡಕ್ಕೂ ಟೇಪ್ ಪಟ್ಟಿಗಳನ್ನು ಪಕ್ಕಪಕ್ಕಕ್ಕೆ, ಒಂದರ ಮೇಲೊಂದು ಏರದಂತೆ ಅಂಟಿಸಿ ರೋಲರ್ ಒತ್ತಿ ಉಜ್ಜಿ. ಒಂದು ಟೇಪಿನ ಬೆನ್ನಿಗೆ ಗ್ಲೂ ತೆಳುವಾಗಿ ಗೆರೆ ಎಳೆದು, ಇನ್ನೊಂದನ್ನು ಅದರ ಮೇಲೆ ಕೂರಿಸಿ ಒಂದೆರಡು ನಿಮಿಷ ಭಾರ ಇಡಿ. ಫೋಮ್ ಟೇಪ್ ಬೇಡವೇ ಬೇಡ. ಅದು ಸ್ಪ್ರಿಂಗ್ ಹಾಗೆ ಕುಣಿಸಿ ಚಾಟರ್ (ಕತ್ತರಿಸುವಾಗಿನ ಕಂಪನ) ಹುಟ್ಟಿಸುತ್ತದೆ. ಕೂಲೆಂಟ್ ಸುರಿದರೆ ಅಂಚಿನಿಂದ ಒಳಗಿಳಿದು ಅಂಟು ಬಿಡುತ್ತದೆ, ಬಿಸಿಗೂ ಅಂಟು ಮೆದುವಾಗುತ್ತದೆ. ಗಾಳಿ ಊದಿ, ಆಳ ಕಡಿಮೆ ಇಟ್ಟು ಹೆಚ್ಚು ಪಾಸ್ ತೆಗೆದುಕೊಳ್ಳಿ.

ಬಿಡಿಸುವಾಗಲೇ ಬಗ್ಗಿಸಿಬಿಡುವುದು ಬಲು ಸಾಮಾನ್ಯ. ಮೂಲೆಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ. ಬಿಸಿನೀರಿನಲ್ಲಿ ಅಥವಾ ಹಾಟ್ ಏರ್‌ನಿಂದ ಬಿಸಿ ಮಾಡಿ, ಅಗಲವಾದ ತೆಳು ಅಲಗನ್ನು ಅಡಿಯಲ್ಲಿ ಜಾರಿಸುತ್ತ ಹೋಗಿ. ಉಳಿದ ಗ್ಲೂ ಅಸಿಟೋನ್‌ಗೆ ಕರಗುತ್ತದೆ. ಅಸಿಟೋನ್ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಹಾಟ್ ಏರ್ ಗನ್ ಪಕ್ಕದಲ್ಲಿ ಅದರ ಡಬ್ಬ ತೆರೆಯಲೇಬಾರದು.

ಚಾಟರ್, ಅಲೆಗೆರೆ, ಕೀರಲು ದನಿ

ಸ್ಪಿಂಡಲ್ ಪೂರ್ತಿ ನಿಂತಿರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಪ್ಲೇಟನ್ನು ಅಲ್ಲಲ್ಲಿ ತಟ್ಟಿ. ಆಧಾರ ಇರುವಲ್ಲಿ ಮಂದ ಸದ್ದು, ಟೊಳ್ಳು ಇರುವಲ್ಲಿ ಗಂಟೆಯಂಥ ನಾದ. ಅಲೆಗೆರೆ ಬಿದ್ದ ಜಾಗ ಮತ್ತು ನಾದ ಬರುವ ಜಾಗ ಒಂದೇ ಆದರೆ ಆಧಾರದ ದೋಷ. ಅಡಿಗೆ ಷಿಮ್, ಮೇಣ ಅಥವಾ ಹಾಟ್ ಗ್ಲೂ ತುಂಬಿ. ವಿಚಿತ್ರ ಆಕಾರದ ಜಾಬಿಗೆ ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಲೋಹ ಎರೆಯುವುದುಂಟು. ಸುಮಾರು 70 ಡಿಗ್ರಿಗೆ ಕರಗುವ ವುಡ್ಸ್ ಮೆಟಲ್‌ನಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇವೆ, ಎರಡೂ ವಿಷ. 62 ಡಿಗ್ರಿ ಆಸುಪಾಸಿನಲ್ಲಿ ಕರಗುವ ಫೀಲ್ಡ್ಸ್ ಮೆಟಲ್‌ನಲ್ಲಿ ಆ ಎರಡೂ ಇಲ್ಲ, ಬೆಲೆ ಮಾತ್ರ ಹೆಚ್ಚು.

ತಟ್ಟಿದಾಗ ಎಲ್ಲೆಡೆ ಮಂದ ಸದ್ದೇ ಬಂದರೆ ಕಟರ್ ಕಡೆ ನೋಡಿ. ಹಲ್ಲು ಕಡಿಮೆ ಇರುವ, ಹರಿತವಾದ ಕಟರ್ ಹಾಕಿ, ಸ್ಪಿಂಡಲ್ ವೇಗವನ್ನು 20ರಿಂದ 30 ಶೇಕಡಾ ಇಳಿಸಿ. ಹೆದರಿ ಫೀಡ್ ಇಳಿಸುವವರೇ ಹೆಚ್ಚು, ಅದು ಉಲ್ಟಾ ಫಲ ಕೊಡುತ್ತದೆ. ಹಲ್ಲಿಗೆ ಸಿಗುವ ಚಿಪ್ ತೀರ ತೆಳುವಾದರೆ ಕಟರ್ ಉಜ್ಜುತ್ತದೆ, ಉಜ್ಜಿದರೆ ಕುಣಿತ ಇನ್ನೂ ಜೋರು. 6 ಮಿ.ಮೀ. ಎಂಡ್ ಮಿಲ್ಲಿಗೆ ಅಲ್ಯೂಮಿನಿಯಂನಲ್ಲಿ ಹಲ್ಲಿಗೆ 0.02ರಿಂದ 0.05 ಮಿ.ಮೀ. ಉಳಿಸಿಕೊಂಡು ಆಳವನ್ನು ಕಡಿಮೆ ಮಾಡಿ. ಫೇಸ್ ಮಿಲ್ (ಮೇಲ್ಮೈ ಸವರುವ ಅಗಲ ಕಟರ್) ಆಯ್ಕೆಯೂ ಆಧಾರದ ಮೇಲೆ ನಿಂತಿದೆ: ಅಡಿ ಪೂರ್ತಿ ಗಟ್ಟಿ ಇದ್ದರೆ 45 ಡಿಗ್ರಿ ಕಟರ್ ಕೆಳಕ್ಕೆ ಒತ್ತುವುದು ಲಾಭ, ಅಡಿ ಟೊಳ್ಳಿದ್ದರೆ ಕೆಳಮುಖ ಬಲ ಕಡಿಮೆ ಇರುವ 90 ಡಿಗ್ರಿ ಕಟರ್ ವಾಸಿ.

ಕೊನೆಯ ಕಟ್‌ನಲ್ಲಿ ಜಾಬ್ ಹಾರುವುದು

ಹಾಳೆಯಿಂದ ಹೊರಗೆರೆ ಕತ್ತರಿಸುವಾಗ ಕೊನೆಯ ತುಸು ಲೋಹ ಹರಿದಾಕ್ಷಣ ಬಿಡಿಯಾದ ತುಂಡು ಕಟರ್‌ಗೆ ಸಿಕ್ಕಿ ಎಗರುತ್ತದೆ. ಕಟರ್ ಮುರಿಯುತ್ತದೆ, ತುಂಡು ಯಾವ ದಿಕ್ಕಿಗೂ ಬರಬಹುದು. ಗಾರ್ಡ್ ಮುಚ್ಚಿರಲಿ, ಕೈಯಲ್ಲಿ ಒತ್ತಿ ಹಿಡಿಯುವ ಪ್ರಯತ್ನ ಬೇಡ, ಗ್ಲೌಸ್ ಹಾಕಿಕೊಂಡು ತಿರುಗುವ ಕಟರ್ ಹತ್ತಿರ ಕೈ ತರಬೇಡಿ.

ತಡೆಯಲು ತಳದಲ್ಲಿ 0.3ರಿಂದ 0.5 ಮಿ.ಮೀ. ಪದರ ಬಿಟ್ಟು ಆಮೇಲೆ ಚಾಕುವಿನಿಂದಲೋ ಅರದಿಂದಲೋ ಬಿಡಿಸಿ; ಇಲ್ಲವೇ ಸುತ್ತ 3ರಿಂದ 5 ಮಿ.ಮೀ. ಅಗಲದ ಕೊಂಡಿಗಳನ್ನು ಬಿಡಿ. ಜಾಬಿನಲ್ಲೇ ರಂಧ್ರಗಳಿದ್ದರೆ ಅದಕ್ಕಿಂತ ಒಳ್ಳೆಯ ಹಿಡಿತ ಬೇರಿಲ್ಲ: ಮೊದಲು ಆ ರಂಧ್ರ ಕೊರೆದು, ಅವುಗಳ ಮೂಲಕವೇ ಕಟರ್ ತಾಗಿ ಹಾಳಾದರೂ ಪರವಾಗಿಲ್ಲದ ಅಡಿಯ ಪ್ಲೇಟಿಗೆ ಸ್ಕ್ರೂ ಬಿಗಿದು, ಒಳಗಿನ ಕೆಲಸ ಮುಗಿಸಿ, ಹೊರಗೆರೆಯನ್ನು ಕೊನೆಗೆ ತೆಗೆಯಿರಿ. ಅಡಿಯ ಪ್ಲೇಟ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಕೂಲೆಂಟ್ ಹಾಕಬೇಡಿ, ನೀರು ಕುಡಿದು ಊದಿಕೊಳ್ಳುತ್ತದೆ. ಅಲ್ಯೂಮಿನಿಯಂ ಪ್ಲೇಟಾದರೆ ಮೊದಲು ಅದೇ ಮೆಷಿನ್ನಿನಲ್ಲಿ ಅದರ ಮೇಲ್ಮೈಯನ್ನೊಮ್ಮೆ ಫೇಸ್ ಮಾಡಿಕೊಳ್ಳಿ.

1 ಮಿ.ಮೀ.ಗಿಂತ ತೆಳುವಾದ ಹಾಳೆಗಳ ಹೊರಗೆರೆ ಒಂದೇ ಆಕಾರದ್ದಾಗಿ ಹಲವು ಬೇಕಿದ್ದರೆ ಒಂದೊಂದನ್ನೇ ಹಿಡಿಯಲು ಒದ್ದಾಡಬೇಡಿ. ಹತ್ತಾರು ಹಾಳೆಗಳ ಬರ್ ತೆಗೆದು ಒಟ್ಟಿ, ಮೇಲೆ ಕೆಳಗೆ 5 ಮಿ.ಮೀ.ಯ ಎರಡು ಪ್ಲೇಟ್ ಇಟ್ಟು, ಬೋಲ್ಟ್ ಹಾಕಿ ಒಂದೇ ದಿಮ್ಮಿಯಂತೆ ಕತ್ತರಿಸಿ. ನಡುವಿನ ಹಾಳೆಗಳಿಗೆ ಎರಡು ಬದಿಯೂ ಆಧಾರ ಇರುವುದರಿಂದ ಬರ್ ಕೂಡ ಅತಿ ಕಡಿಮೆ. ಬೋಲ್ಟ್ ಬಿಚ್ಚುವ ಮೊದಲು ಒಟ್ಟಿಲಿನ ಅಂಚಿಗೆ ಓರೆಯಾಗಿ ಮಾರ್ಕರ್ ಗೆರೆ ಎಳೆದಿಡಿ. ಹಾಳೆಗಳ ಕ್ರಮ ತಪ್ಪದೆ ಮರುಜೋಡಿಸಲು, ಯಾವ ಎತ್ತರದಲ್ಲಿದ್ದ ಹಾಳೆ ಜಾರಿತ್ತು ಎಂದು ಪತ್ತೆ ಹಚ್ಚಲು ಆ ಗೆರೆ ಬೇಕಾಗುತ್ತದೆ.